ಮನೆಗೇ ಬಂದು ಕರೆದರು

ಬಾಡಿಗೆ ಮನೆ ಬಿಟ್ಟು, ಹಳೆಯ ಮಿನಿ ಬಸ್ಸೊಂದಕ್ಕೆ ಮಂಚ, ಒಲೆ ಹಾಕಿಸಿಕೊಂಡು ನಾವಿಬ್ಬರೂ ಅದರಲ್ಲೇ ಸಂಸಾರ ಹೂಡಿ ಎರಡು ವರ್ಷವಾಗಿತ್ತು. ಊರೂರು ಸುತ್ತಿ ಬಸವನಗುಡಿಗೆ ಬಂದಾಗ ನನ್ನ ಗಂಡನ ದೊಡ್ಡಮ್ಮ ಫೋನ್ ಮಾಡಿದರು. ಮೊಮ್ಮಗಳ ಮದುವೆ.

"ಗಾಂಧಿ ಬಜಾರಲ್ಲೇ ಇದೀವಿ ದೊಡ್ಡಮ್ಮ, ನಾವೇ ಬಂದು ಪತ್ರಿಕೆ ಇಸ್ಕೊಂಡು ಹೋಗ್ತೀವಿ" ಎಂದೆ.

"ಚೆನ್ನಾಗಿದೆ! ಕರೆಯೋರು ನಾವು. ಮನೆಗೆ ಬಂದು, ಕುಂಕುಮ ಕೊಟ್ಟು ಕರೀಬೇಕು. ನಿಮಗೆ ಮನೇನೇ ಇಲ್ವಲ್ಲಮ್ಮ!"

ನನಗೆ ಮೈಯೆಲ್ಲ ಉರಿದುಹೋಯಿತು. "ರೀ, ಗಾಡಿ ತೆಗೀರಿ" ಎಂದೆ.

ಅವರ ಗೇಟಿನ ಪಕ್ಕದಲ್ಲೇ ಬಸ್ಸು ನಿಲ್ಲಿಸಿ, ಮೆಟ್ಟಿಲ ಕೆಳಗೆ ರಸ್ತೆಯಲ್ಲೇ ರಂಗೋಲಿ ಹಾಕಿ ಫೋನ್ ಮಾಡಿದೆ. "ಮನೇಲೇ ಇದೀವಿ ದೊಡ್ಡಮ್ಮ, ಬನ್ನಿ."

ಮಂಡಿ ನೋವಿನ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು, ಕುಂಕುಮದ ಬಟ್ಟಲು ಹಿಡಿದು, ದೊಡ್ಡಪ್ಪನ ಜೊತೆ ನಿಧಾನವಾಗಿ ಬಂದು ಬಸ್ಸು ಹತ್ತಿದರು.

"ಮನೆ ಹುಡುಕೋಕೆ ಕಷ್ಟ ಆಯ್ತಾ?" ಬೇಕೆಂದೇ ಕೇಳಿದೆ.

"ಇಲ್ಲಮ್ಮ, ಸುಲಭವಾಗಿ ಸಿಕ್ತು" ಎಂದರು, ಒಂದಿಷ್ಟೂ ನಗದೆ.

ಒಲೆಗೂ ಮಂಚಕ್ಕೂ ನಡುವೆ ಸಿಕ್ಕಿಕೊಂಡು ನಿಂತು ಕುಂಕುಮ ಕೊಟ್ಟರು. "ಮನೆಮಂದಿಯೆಲ್ಲ ಬರಬೇಕು" ಎಂದರು. ಮನೆಮಂದಿ ಎಂದರೆ ನಾವಿಬ್ಬರೇ. ಕಾಫಿ ಬೇಡವೇ ಬೇಡ ಎನ್ನುತ್ತಲೇ ಇಬ್ಬರೂ ಎರಡೆರಡು ಲೋಟ ಕುಡಿದರು.

ಆಮೇಲೆ ದೊಡ್ಡಪ್ಪ ಗಡಿಯಾರ ನೋಡಿಕೊಂಡರು. ಕಿಟಕಿಯಾಚೆ ಹತ್ತು ಹೆಜ್ಜೆ ದೂರದಲ್ಲಿ ಅವರ ಬಾಗಿಲು ತೆರೆದೇ ಇತ್ತು.

"ಬರ್ತೀವಮ್ಮ" ಎನ್ನುತ್ತ ದೊಡ್ಡಮ್ಮ ಎದ್ದರು. "ಕತ್ತಲಾಗೋದ್ರೊಳಗೆ ಮನೆ ಸೇರ್ಕೋಬೇಕು."