ಮರಳುವ ತಾರೀಖು

ಮೊನ್ನೆ ಮಂಚದಡಿಯಿಂದ ನನ್ನ ಹಳೆಯ ಕಪ್ಪು ಟ್ರಂಕನ್ನು ಎಳೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಬಿಳಿ ಬಣ್ಣದಲ್ಲಿ ಬರೆಸಿದ ನನ್ನ ಹೆಸರೂ ನಂಬರೂ ಮಾಸಿವೆ. ಬೀಗ ಹಾಕುವ ಕೊಂಡಿ ಇಂದಿಗೂ ಸೊಟ್ಟ. ಅದರ ಕತೆ ಹೇಳುತ್ತೇನೆ, ಕೂತುಕೊಳ್ಳಿ.

ಸೈನ್ಯ ನನಗೆ ದೇಶವನ್ನೆಲ್ಲ ಪುಕ್ಕಟೆಯಾಗಿ ತೋರಿಸಿತು. ಲೇಹ್‌ನ ಹಿಮ ಕಂಡೆ, ಜೈಸಲ್ಮೇರಿನ ಮರಳು ಉಗುಳಿದೆ. ಊರಿಗೆ ಬರಲು ರೈಲ್ವೆ ವಾರಂಟ್ ಎಂಬ ಕಾಗದ ಕೊಡುತ್ತಿದ್ದರು, ಕೌಂಟರಿನಲ್ಲಿ ಅದನ್ನು ನೀಡಿದರೆ ಟಿಕೆಟು. ವರ್ಷಕ್ಕೆ ಎರಡು ತಿಂಗಳು ರಜೆ ಎಂದು ನೆಂಟರೆಲ್ಲ ಹೊಟ್ಟೆಕಿಚ್ಚು ಪಡುವಾಗ ನಾನೂ ಮೀಸೆ ತಿರುವುತ್ತಿದ್ದೆ ಅನ್ನಿ. ಆದರೆ ಹೆಂಡತಿಯ ನೌಕರಿಯಿದ್ದ ಎಡಪ್ಪಳ್ಳಿಯ ಮನೆ ಹೊಕ್ಕ ಕೂಡಲೇ ನನ್ನ ಮೊದಲ ಕೆಲಸ, ಕ್ಯಾಲೆಂಡರಿನಲ್ಲಿ ಮರಳುವ ತಾರೀಖಿಗೆ ಕೆಂಪು ಸುತ್ತು ಹಾಕುವುದು. ಒಂದು ದಿನ ತಡವಾದರೂ ಸಾಹೇಬರ ಮುಂದೆ ಅಟೆನ್ಶನ್ನಿನಲ್ಲಿ ನಿಲ್ಲಬೇಕಲ್ಲ. ಆ ಸುತ್ತಿನ ಒಳಗೆ ರೇಷನ್ ಕಾರ್ಡು, ಗ್ಯಾಸು, ಸೋರುವ ಟೆರೇಸು. ಮಗಳನ್ನು ಮಟ್ಟಾಂಚೇರಿಯ ಬೋಟು ಹತ್ತಿಸುವುದು ಪ್ರತಿ ಸಲವೂ ಮುಂದಿನ ರಜೆಗೆ.

ಅವಳಿಗೆ ಆಗ ಐದು ವರ್ಷ. ನಾವು ಕಾಸರಗೋಡಿನ ಕನ್ನಡದಲ್ಲಿ ಕೇಳಿದರೆ ಉತ್ತರ ಮಲಯಾಳದಲ್ಲಿ. ಬಾಗಿಲಲ್ಲಿ ನನ್ನನ್ನು ಕಂಡು ಅವಳು ಆಡಿದ ಮೊದಲ ಮಾತು, "ಎನ್ನಾ ಪೋಗುನ್ನೆ?" ಯಾವಾಗ ಹೋಗುವುದು ಎಂದು. ನಾನು ನಕ್ಕು ತಾರೀಖು ಹೇಳಿದೆ, ದಡ್ಡ.

ಹೊರಡುವ ದಿನ ಟ್ರಂಕಿನ ಕೀಲಿಕೈ ಕಾಣಲಿಲ್ಲ. ರಜೆಯ ಕಾಗದ, ವಾರಂಟು ಎರಡೂ ಒಳಗೆ. ಮನೆಯಿಡೀ ಜಾಲಾಡಿದೆವು. ಮಗಳು ಟ್ರಂಕಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು. ರೈಲಿಗೆ ಹೊತ್ತಾಯಿತೆಂದು ಅವಳನ್ನು ಎತ್ತಿ ಬದಿಗಿಟ್ಟು ಸುತ್ತಿಗೆಯಿಂದ ಬೀಗ ಬಡಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟ ಉಳಿಯುತ್ತಿರಲಿಲ್ಲ. ಕೀಲಿಕೈ ಮರುವಾರ ಅಕ್ಕಿಡಬ್ಬಿಯಲ್ಲಿ ಸಿಕ್ಕಿತೆಂದು ಹೆಂಡತಿ ಫೋನಿನಲ್ಲಿ ಹೇಳಿದಳು.

ಈಗ ಮಗಳು ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದಾಳೆ. ನಾನು ಹೋದಾಗಲೆಲ್ಲ ಮರಳುವ ಟಿಕೆಟು ಜೇಬಿನಲ್ಲೇ. ಕಳೆದ ತಿಂಗಳು ಚಪ್ಪಲಿ ಕಳಚುವ ಮೊದಲೇ ಭಾನುವಾರದ ಗಾಡಿಗೆ ಹೊರಡುತ್ತೇನೆ ಅಂದೆ. ಅವಳು ಈ ಸಲ ಕನ್ನಡದಲ್ಲೇ ಕೇಳಿದಳು:

"ಅಪ್ಪಾ, ನೀವು ರಿಟೈರ್ ಆಗಿ ಆರು ವರ್ಷ ಆಯ್ತು. ಈಗ್ಲೂ ಹೋಗುವ ದಿವಸ ಹೇಳಿಕೊಂಡೇ ಒಳಗೆ ಬರುದು ಎಂತಕೆ?"

ನಾನು ಗೋಡೆಯ ಕ್ಯಾಲೆಂಡರು ನೋಡಿದೆ, ಅದೇ ಚಾಳಿ.

ಅದಕ್ಕೇ ಮೊನ್ನೆ ಈ ಟ್ರಂಕು ಹೊರಗೆ ಬಂದದ್ದು. ಇನ್ನೂ ಒಂದು ವರ್ಷದ ನೌಕರಿ ಉಳಿದಿರುವ ಹೆಂಡತಿ, ಮತ್ತೆ ಪೋಸ್ಟಿಂಗ್ ಬಂತೇ ಎಂದು ಛೇಡಿಸಿದಳು. ಹೌದು ಅಂದೆ. ಸೊಟ್ಟ ಕೊಂಡಿಗೆ ಹೊಸ ಬೀಗ ಸಿಕ್ಕಿಸಿ, ಕೌಂಟರಿನಲ್ಲಿ ಮಗಳ ಊರಿಗೆ ಹೋಗುವ ಟಿಕೆಟು ಮಾತ್ರ ಕೊಂಡೆ.

ಮಗಳು ಬಾಗಿಲು ತೆಗೆದು ಟ್ರಂಕನ್ನು ನೋಡಿದಳು, ಆ ಕೊಂಡಿಯನ್ನೂ ನೋಡಿದಳು. ನಾನು ತಾರೀಖು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಅಂಗೈ ಚಾಚಿ ಇಷ್ಟೇ ಅಂದಳು:

"ಕೀಲಿಕೈ ಕೊಡಿ."

ಕೊಟ್ಟೆ. ಎಲ್ಲಿಟ್ಟಿದ್ದಾಳೋ, ನಾನು ಹುಡುಕಲು ಹೋಗಿಲ್ಲ.