ಹಡಗಿಗೊಂದು ರವಿಕೆ

ತಮಿಳುನಾಡಿನ ಪಾಲಕೋಡಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಹೊಲಿಗೆ ಅಂಗಡಿ ಇತ್ತು. ತೊಂಬತ್ತರ ದಶಕದ ಮಾತು. ರವಿಕೆ ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವರು ಆ ತಾಲ್ಲೂಕಿನಲ್ಲೇ ಇರಲಿಲ್ಲ. ಜಂಬ ಅಂದರೆ ಅನ್ನಿ, ನನಗೇನು! ಧರ್ಮಪುರಿಯಿಂದ ಮದುವೆ ಹೆಣ್ಣುಗಳು ಬಸ್ಸು ಹತ್ತಿ ನನ್ನ ಹತ್ತಿರ ಬರುತ್ತಿದ್ದರು. ಎಂಥ ಮೈಕಟ್ಟೇ ಆಗಲಿ, ಒಂದು ಸಲ ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿದವಳಲ್ಲ ನಾನು. ಹಾಗಾಗಿ ನನ್ನ ತಮ್ಮನ ಕಾಗದ ಬಂದಾಗ ನನಗೇನೂ ಚಿಂತೆಯಾಗಲಿಲ್ಲ.

ತಮ್ಮ ಆಗ ನಾಲ್ಕು ವರ್ಷದಿಂದ ಒಂದು ಹಡಗಿನ ಅಡುಗೆಮನೆಯಲ್ಲಿದ್ದ. ಸರಕಿನ ಹಡಗಲ್ಲ, ದುಡ್ಡಿರುವ ಬಿಳಿಯರು ಸುಮ್ಮನೆ ಸಮುದ್ರ ಸುತ್ತಲು ಹತ್ತುವ ಹಡಗು. ತರಕಾರಿಯಲ್ಲಿ ಹೂವು ಕೆತ್ತಿ ಊಟದ ಮೇಜುಗಳ ಮೇಲೆ ಇಡುವುದು ಅವನ ಕೆಲಸ. ಹಡಗು ಮದ್ರಾಸಿಗೆ ಬರುತ್ತದೆ, ಅಲ್ಲಿಂದ ಕೊಚ್ಚಿಯವರೆಗೆ ಅವ್ವನನ್ನು ಜೊತೆಗೆ ಕರೆದೊಯ್ಯಲು ಅಪ್ಪಣೆ ಸಿಕ್ಕಿದೆ ಎಂದು ಬರೆದಿದ್ದ. ಬರೆದದ್ದು ತಮಿಳಿನಲ್ಲಿ. ಮನೆಯಲ್ಲಿ ನಮ್ಮದು ಕನ್ನಡವೇ, ಆದರೆ ಕನ್ನಡ ಬರೆಯಲು ನಮಗ್ಯಾರು ಕಲಿಸಿದ್ದರು?

ಕಾಗದದ ಅರ್ಧ ಭಾಗ ಬಟ್ಟೆಯ ವಿಷಯವೇ. ಅದು ಹಳೇ ಕಾಲದ ಶಿಸ್ತಿನ ಹಡಗಂತೆ. ಹಗಲು ಹೇಗಿದ್ದರೂ ನಡೆಯುತ್ತದೆ. ಸಂಜೆ ಆರಾದ ಮೇಲೆ ಗಂಡಸರಿಗೆ ಕರಿ ಕೋಟು, ಕೊರಳಿಗೆ ಚಿಟ್ಟೆಯಂಥ ಟೈ. ಹೆಂಗಸರಿಗೆ ನೆಲ ಮುಟ್ಟುವ ಉಡುಪು. ಸೀರೆ ಉಟ್ಟವರಿಗೆ ಬಹಳ ಮರ್ಯಾದೆಯಂತೆ. ರಬ್ಬರ್ ಚಪ್ಪಲಿ ಕೂಡದಂತೆ. ಕೊನೆಯ ಸಾಲಿನಲ್ಲಿ ಅವನು ಬರೆದದ್ದು ಇಷ್ಟು: ಅವ್ವನಿಗೆ ರವಿಕೆ ಇರಲೇಬೇಕು, ಇಲ್ಲದಿದ್ದರೆ ಊಟದ ಕೋಣೆಯೊಳಗೆ ಬಿಡುವುದಿಲ್ಲ, ನಾನು ಕೆತ್ತಿದ್ದನ್ನು ಅವಳು ನೋಡುವ ಹಾಗಿಲ್ಲ.

ಅವ್ವನಿಗೆ ಸಮುದ್ರವೂ ಬೇಡ, ಹಡಗೂ ಬೇಡ. ಮಗ ಕೆತ್ತಿದ್ದನ್ನು ನೋಡಬೇಕು, ಅಷ್ಟೇ. "ನಾವು ಬುಟ್ಟಿಗಟ್ಲೆ ಮಂಡಿಗೆ ಆಕೋ ತಕ್ಕಾಳೀಲಿ ಇವ್ನು ರೋಜಾ ಹೂವ ಮಾಡ್ತಾನಂತೆ. ಅದರ ಮುಂದೆ ಉಣ್ಣಾಕೆ ಬಿಳೀ ಜನ ಕೋಟಾಕ್ಕೊಂಡು ಬತ್ತಾರಂತೆ! ಹೆತ್ತೋಳು ನಾನು ನೋಡ್ಬ್ಯಾಡ್ವಾ?" ಎಂದು ಟೊಮೇಟೊ ತೋಟದಲ್ಲಿ, ತರಕಾರಿ ಮಂಡಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದಳು.

ಆದರೆ ರವಿಕೆ? ಕುರಿ ಸಾಕಿ ಹೊಲ ಗೇಯುವ ನಮ್ಮ ಜನರಲ್ಲಿ ಗಂಡ ಸತ್ತ ಹನ್ನೊಂದನೇ ದಿನ ಹೆಂಡತಿಯ ಬಳೆ ಒಡೆದು ರವಿಕೆ ತೆಗೆಸುತ್ತಿದ್ದರು. ಆಮೇಲೆ ಸಾಯುವವರೆಗೆ ಮೈಗೆ ಸೆರಗೇ ಗತಿ. ನಮ್ಮಪ್ಪ ಹೋದಾಗ ಆ ಕೆಲಸ ಮಾಡಿದವಳು ಅಪ್ಪನ ಅಕ್ಕ, ನನ್ನ ಸೋದರತ್ತೆ. ಅವಳೂ ವಿಧವೆಯೇ, ಇಪ್ಪತ್ತಕ್ಕೇ ರವಿಕೆ ಬಿಟ್ಟವಳು. ನಾನಾಗ ಹದಿನೈದರವಳು, ಬಾಗಿಲಲ್ಲಿ ನಿಂತು ನೋಡಿದ್ದೆ. ಅದಾಗಿ ಹದಿನಾರು ವರ್ಷ ಕಳೆದಿತ್ತು.

ಆ ಅತ್ತೆ ಇದ್ದದ್ದು ಅವ್ವನ ಪಕ್ಕದ ಮನೆಯಲ್ಲೇ, ಸುದ್ದಿ ಮುಟ್ಟದೇ ಇರುತ್ತದೆಯೇ? ಬಂದು ತೀರ್ಪು ಕೊಟ್ಟೇಬಿಟ್ಟಳು. "ಸಮುದ್ರದ ಮ್ಯಾಲೆ ಬೇಕಾರೆ ಆಕ್ಕೊಳ್ಲಿ, ಅಲ್ಲಿ ಯಾರ್ ನೋಡ್ತಾರೆ? ಇಳಿದ್ ತಕ್ಷಣ ಬಿಚ್ಚಾಕಿ ಊರಿಗ್ ಬರ್ಲಿ. ಇಲ್ಲಿ ಮಾತ್ರ ಬ್ಯಾಡ. ಕೋತಿ ತಾನು ಕೆಡೋದಲ್ದೆ ವನಾನೆಲ್ಲ ಕೆಡಿಸ್ತಂತೆ."

ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಕೆಲಸ ಆದರೆ ಸಾಕು ಎಂದು ಬಾಯಿ ಮುಚ್ಚಿಕೊಂಡೆ. ಎಡಪ್ಪಾಡಿಯ ನೇಕಾರರೊಬ್ಬರ ಹತ್ತಿರ ಸಣ್ಣ ಅಂಚಿನ ಒಳ್ಳೆಯ ಸೀರೆ ತಂದೆ. ಅವ್ವನ ವಯಸ್ಸಿಗೆ, ಅವಳ ಸ್ಥಿತಿಗೆ ಇಷ್ಟು ಸಾಕು ಎಂದು ಬೂದು ಬಣ್ಣದ ರವಿಕೆ ಬಟ್ಟೆ ಆರಿಸಿದೆ. ಅಳತೆಯನ್ನೂ ತೆಗೆಯಲಿಲ್ಲ. ಹೆತ್ತ ತಾಯಿಯ ಅಳತೆ ನನಗೆ ಕಣ್ಣಲ್ಲೇ ಗೊತ್ತಿಲ್ಲವೇ!

ಹೊಲಿದದ್ದನ್ನು ಪೇಪರಿನಲ್ಲಿ ಸುತ್ತಿಕೊಂಡು ಊರಿಗೆ ಹೋದೆ. ಅವ್ವ ಅಂಗಳದಲ್ಲಿ ಟೊಮೇಟೊ ಆರಿಸುತ್ತಾ ಕೂತಿದ್ದಳು. ನಾನು ಮಾತೇ ಆಡದೆ ಅವಳ ಒಂದು ಕೈ ಹಿಡಿದೆತ್ತಿ ರವಿಕೆಯ ತೋಳಿನೊಳಗೆ ತೂರಿಸಿದೆ. ಅದು ರಟ್ಟೆಯ ಹತ್ತಿರ ಸಿಕ್ಕಿಕೊಂಡಿತು. ಅವ್ವ ಕೈ ಕೊಡವಿ, ರವಿಕೆಯನ್ನು ಕಿತ್ತು ಕೊಳೆತ ಹಣ್ಣಿನ ಬುಟ್ಟಿಗೆ ಎಸೆದಳು.

"ಏನವ್ವಾ ನಿಂದು! ಮಗನ್ನ ನೋಡ್ಬೇಕಾ ಬ್ಯಾಡ್ವಾ?" ಎಂದು ರೇಗಿದೆ.

"ನೋಡ್ಬೇಕು," ಅಂದಳು. "ಅವತ್ತು ನಿಮ್ಮತ್ತೆ ಬಿಚ್ದಾಗ ನನ್ನ ಒಂದ್ ಮಾತು ಕೇಳ್ಳಿಲ್ಲ. ಇವತ್ತು ನೀನು ಆಕ್ತಾ ಇದ್ದೀಯ, ನೀನೂ ಕೇಳ್ಳಿಲ್ಲ. ಅವ್ಳೇನು, ನೀನೇನು?"

ಅಂಗಡಿಗೆ ಬಂದ ಹದಿನಾರರ ಹುಡುಗಿಗೂ ನಾನು ಕೇಳುತ್ತಿದ್ದೆ: ಕುತ್ತಿಗೆ ಎಷ್ಟು ಆಳ ಇರಲಿ, ತೋಳು ಎಲ್ಲಿಗೆ ಬರಲಿ, ಹಿಂದೆ ದಾರ ಬೇಕಾ ಅಂತ. ಅವ್ವನನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಅವಳ ಪಕ್ಕ ಕೂತು ಚೆನ್ನಾಗಿ ಅತ್ತುಬಿಟ್ಟೆ. ಅವಳು ನನ್ನನ್ನು ಸಮಾಧಾನವೇನೂ ಮಾಡಲಿಲ್ಲ, ಟೊಮೇಟೊ ಆರಿಸುತ್ತಲೇ ಇದ್ದಳು.

ಮೂಗು ಒರೆಸಿಕೊಂಡು ಕೇಳಿದೆ: "ಸರಿ ಕಣವ್ವ. ನಿಂಗೆಂಥದು ಬೇಕು?"

ಉತ್ತರ ಸಿದ್ಧವಾಗಿತ್ತು, ಹದಿನಾರು ವರ್ಷದಿಂದ ಸಿದ್ಧವಾಗಿತ್ತೋ ಏನೋ. "ಎಲೆ ಹಸಿರು. ತೋಳು ಮೊಣಕೈ ಗಂಟ ಬರ್ಲಿ. ಕೊಕ್ಕೆ ಬ್ಯಾಡ, ಗುಂಡಿ ಇಡು. ಶುಕ್ರವಾರಕ್ಕೆ ಬೇಕು."

"ಹಡ್ಗು ಬರಾಕೆ ಇನ್ನೂ ಮೂರು ವಾರ ಐತಲ್ಲ?"

"ಹಡ್ಗಿಗಲ್ಲ, ಮಂಡಿಗೆ ಓಗಾಕೆ. ಮೊದ್ಲು ನಮ್ಮೂರು ನೋಡ್ಲಿ, ಆಮ್ಯಾಲೆ ಸಮುದ್ರ ನೋಡ್ಲಿ. ಕದ್ದು ಆಕ್ಕೊಳಾಕೆ ನಾನೇನ್ ಕಳ್ಳೀನಾ?"

ಅವತ್ತು ಮೊದಲ ಸಲ ನನ್ನ ತಾಯಿಯ ಅಳತೆ ತೆಗೆದೆ. ಬುಟ್ಟಿ ಹೊತ್ತು ಹೊತ್ತು ಅವಳ ಬಲಗೈ ಎಡಗೈಗಿಂತ ಅರ್ಧ ಇಂಚು ದಪ್ಪವಾಗಿತ್ತು. ಎರಡು ತೋಳನ್ನೂ ಬೇರೆ ಬೇರೆ ಅಳತೆಗೆ ಕತ್ತರಿಸಿ ಹೊಲಿದೆ. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ರವಿಕೆಯನ್ನು ನಾನು ಹೊಲಿದಿಲ್ಲ.

ಅವ್ವ ಹಡಗಿಗೂ ಹೋದಳು, ಊಟದ ಕೋಣೆಗೂ ಅದೇ ಹಸಿರು ರವಿಕೆ ತೊಟ್ಟು ಹೋದಳು. ಮಗನ ಹೂವು ನೋಡಿ, "ಇನ್ನೊಂಚೂರು ದೋರೆಗಾಯಿ ತಗಂಡಿದ್ರೆ ಎಸಳು ನಿಲ್ತಿತ್ತು ಕಣ್ಲಾ" ಎಂದು ಅವನಿಗೇ ಬುದ್ಧಿ ಹೇಳಿ ಬಂದಳು. ಆ ಕತೆಯನ್ನೆಲ್ಲ ಅವಳೇ ವರ್ಷಗಟ್ಟಲೆ ಊರಿಗೆ ಹೇಳಿದ್ದಾಳೆ. ನಾನು ಹೇಳಬೇಕಾದದ್ದು ಆ ಶುಕ್ರವಾರದ ಬೆಳಗಿನದು.

ಬಸ್ಸಿಗೆ ಹೋಗುವ ದಾರಿ ಅತ್ತೆಯ ಮನೆ ಮುಂದೆಯೇ. ಅತ್ತೆ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಳು. ಸುಮ್ಮನೆ ದಾಟಿ ಹೋಗೋಣ ಬಾರವ್ವ ಎಂದು ನಾನು ಪಿಸುಗುಟ್ಟಿದೆ. ನನ್ನ ಧೈರ್ಯವೆಲ್ಲ ಅಂಗಡಿಯಲ್ಲಿ ಮಾತ್ರ ನೋಡಿ! ಅವ್ವ ತಲೆ ಮೇಲೆ ಬುಟ್ಟಿ ಹೊತ್ತವಳು ಅಲ್ಲೇ ನಿಂತಳು. ಸೆರಗು ಸರಿಸಿ ಕೈ ಮುಂದೆ ಚಾಚಿದಳು.

"ನೋಡಿ ಅತ್ಗೆ, ತೋಳು ಸರಿಯಾಗೈತಾ?"

ಕೇರುವ ಮೊರ ನಿಂತಿತು. ಅತ್ತೆ ತೋಳನ್ನು ನೋಡಿದಳು, ಗುಂಡಿಗಳನ್ನು ನೋಡಿದಳು, ಅವ್ವನ ಮುಖ ನೋಡಿದಳು. ಈಗ ಬೀದಿಯೆಲ್ಲ ಸೇರುವಂತೆ ಬಾಯಿ ಬಡಿದುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ದನಿ ಎತ್ತಲಿಲ್ಲ.

"ನಿಂಗೇನವ್ವ, ಹಡ್ಗೈತೆ," ಅಂದಳು. "ನಂಗೇನೈತೆ?"

"ಮಂಡಿ ಐತಲ್ಲ ಅತ್ಗೆ," ಅಂದಳು ಅವ್ವ.

ಅತ್ತೆ ಮತ್ತೆ ಮೊರ ಎತ್ತಿಕೊಂಡಳು. ನಾವು ಹತ್ತು ಹೆಜ್ಜೆ ಮುಂದೆ ಹೋಗಿರಬೇಕು, ಹಿಂದಿನಿಂದ ಅವಳ ದನಿ ಬಂತು.

"ಲೇ, ನಿನ್ ಮಗ್ಳಿಗೆ ಯೋಳು. ನಂಗೆ ಕಂಕುಳು ಅಷ್ಟು ಬಿಗಿ ಬ್ಯಾಡ."