ಗಾಳಿ ಸರಿಯಿಲ್ಲ ಎನ್ನುತ್ತಿದ್ದವನು

ಐವತ್ತರ ದಶಕದ ಕೊನೆಯಲ್ಲಿ ನಾನು ಮೇಲೂರಿಗೆ ಮೇಷ್ಟ್ರಾಗಿ ಹೋದಾಗ, ನನ್ನ ಎದುರು ಮನೆಯವನು ಬೆಂಗಳೂರಿನಲ್ಲಿ ವಿಮಾನ ಹಾರಿಸಲು ಕಲಿತು ಲೈಸೆನ್ಸು ಪಡೆದವನೆಂದು ಊರವರು ಹೇಳಿದರು. ನಾನು ನಂಬಲಿಲ್ಲ. ಹಾರಿಸಲು ಹೋಗುವುದಿಲ್ಲವೇ ಎಂದು ಯಾವಾಗ ಕೇಳಿದರೂ ಅವನು ಬೆರಳನ್ನು ಎಂಜಲು ಮಾಡಿ ಮೇಲೆತ್ತಿ ಹಿಡಿದು, "ಇವತ್ತು ಗಾಳಿ ಸರಿಯಿಲ್ಲ ಮೇಷ್ಟ್ರೇ" ಎನ್ನುತ್ತಿದ್ದ. ಎಲೆ ಅಲುಗದ ದಿನವೂ ಅದೇ ಮಾತು.

ಒಂದು ದಿನ ತಡೆಯಲಾರದೆ, "ಲೈಸೆನ್ಸು ಇರೋದು ನಿಜಾನೇನಪ್ಪ?" ಎಂದುಬಿಟ್ಟೆ. ಅವನು ತಲೆ ತಗ್ಗಿಸಿದ. ಒಳಗೆ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅವನ ತಾಯಿ ಹೊರಬಂದರು.

"ನಿಜಾನೇ ಮೇಷ್ಟ್ರೇ. ನನಗೆ ತೋರ್ಸೋಕೆ ಅಂತ ಹೋದ ವರ್ಷ ಮನೆ ಮೇಲೇ ಹಾರಿಸ್ಕೊಂಡು ಬಂದ. ಆ ಸಲ ಹುಳ ಗೂಡೇ ಕಟ್ಟಲಿಲ್ಲ. ವಿಮಾನದ ಸದ್ದಿಗೇ ಹಿಂಗಾಯ್ತು ಅಂತ ನಾನೇ ಬೈದೆ."

ಸದ್ದಿಗೆ ಹುಳ ಕೆಡುತ್ತದೆಯೇ? ಅದನ್ನೂ ನಾನು ನಂಬಲಿಲ್ಲ.

ಮುಂದಿನ ತಿಂಗಳು ಅವರ ಮನೆಯ ಹುಳದ ತಟ್ಟೆಗಳೆಲ್ಲ ಖಾಲಿಯಾಗಿ ಗೋಡೆಗೆ ಒರಗಿದ್ದವು. ಅವನು ಎಂದಿನಂತೆ ಬೆರಳೆತ್ತಿದ.

"ಈ ಸಲ ಹುಳ ಇಟ್ಟಿಲ್ಲ. ಗಾಳಿ ನೋಡಿದ್ದು ಸಾಕು, ಹೋಗಪ್ಪ" ಎಂದರು ತಾಯಿ.

ಅವನು ಬೆಂಗಳೂರಿನ ಬಸ್ಸು ಹತ್ತಿದ. ಏನನ್ನೂ ನಂಬದ ನಾನು ಆ ಮಧ್ಯಾಹ್ನ ಪಾಠ ನಿಲ್ಲಿಸಿ, ಕಿಟಕಿಯಿಂದ ಆಕಾಶ ನೋಡುತ್ತಾ ನಿಂತಿದ್ದೆ.